ಓದುವ ಮೇರಿ ಜೋ, ಬರೆಯುವ ಜೂಡಿ

ಮೊದಲ ಆಲ್ಬಮ್‌ಗೆ ಬ್ಯಾಂಡಿನವರ ಅಲ್ಲಿಯತನಕದ ಬದುಕೆಲ್ಲ ಬಂಡವಾಳ. ಎರಡನೆಯದಕ್ಕೆ ಸಿಗುವುದು ಒಂದೆರಡು ವರ್ಷ, ಅದರಲ್ಲೂ ಅರ್ಧ ಊರೂರು ತಿರುಗುವುದರಲ್ಲೇ ಕಳೆದುಹೋಗಿರುತ್ತದೆ. ಪಾಪ್ ಸಂಗೀತದ ಎಷ್ಟೋ ತಂಡಗಳು ಎರಡನೆಯ ಹೆಜ್ಜೆಯಲ್ಲಿ ಎಡವಿದ್ದು ಹೀಗೆ. ಎಡವದೆ ಮುಂದೆ ಹೋದವರ ವಿಷಯದಲ್ಲಿ ನಾವು ಬೆಳವಣಿಗೆ ಎಂದು ಕರೆಯುವುದು ಸಾಮಾನ್ಯವಾಗಿ ವಿಸ್ತಾರವನ್ನು. ವಾದ್ಯಗಳು ಹೆಚ್ಚಾದವು, ಸ್ಟುಡಿಯೊ ದೊಡ್ಡದಾಯಿತು, ಹೆಸರಾಂತ ಪ್ರೊಡ್ಯೂಸರ್ ಬಂದರು, ಹಾಡುಗಳು ಉದ್ದವಾದವು ಎಂದು ಪಟ್ಟಿ ಮಾಡಿ ಬೆಳೆದರು ಎಂದುಬಿಡುತ್ತೇವೆ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬೆಲ್ ಅಂಡ್ ಸೆಬಾಸ್ಟಿಯನ್ ತಂಡ ಈ ಪಟ್ಟಿಗೆ ಸಿಗುವುದಿಲ್ಲ. ಅವರ ಮೊದಲ ಆಲ್ಬಮ್ ‘ಟೈಗರ್‌ಮಿಲ್ಕ್’ ಹೊರಬಂದದ್ದು 1996ರ ಜೂನ್‌ನಲ್ಲಿ. ಎರಡನೆಯದು, ‘ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್’, ಅದೇ ವರ್ಷದ ನವೆಂಬರ್‌ನಲ್ಲಿ. ನಡುವೆ ಐದೇ ತಿಂಗಳು. ಎರಡರಲ್ಲೂ ಹತ್ತು ಹತ್ತು ಹಾಡು. ಎರಡೂ ಗ್ಲಾಸ್ಗೋದ ಕಾವಾ ಸ್ಟುಡಿಯೊದಲ್ಲಿ ಮುದ್ರಣವಾದವು, ಹಾಡು ಕಟ್ಟಿದವರು ಸ್ಟುವರ್ಟ್ ಮರ್ಡಾಕ್, ನುಡಿಸಿದವರು ಬಹುಪಾಲು ಅದೇ ಜನ. ಇಷ್ಟು ಕಡಿಮೆ ಅವಧಿಯಲ್ಲಿ ಒಬ್ಬ ಗೀತಕಾರನ ಪ್ರತಿಭೆ ದುಪ್ಪಟ್ಟಾಗುವುದಿಲ್ಲ, ಕೈ ಅಷ್ಟೊಂದು ಪಳಗುವುದೂ ಇಲ್ಲ. ಆದರೂ ಎರಡನ್ನೂ ಒಂದರ ಹಿಂದೊಂದು ಕೇಳಿದವರಿಗೆ ಎರಡನೆಯದು ದೊಡ್ಡ ಕೃತಿ ಎಂಬುದು ತಿಳಿಯುತ್ತದೆ. ಹಾಗಾದರೆ ಬೆಳೆದದ್ದು ಏನು? ನನ್ನ ಉತ್ತರ ಇಷ್ಟು: ಮೊದಲ ಆಲ್ಬಮ್‌ನಲ್ಲಿ ತನ್ನ ಕತೆ ಹೇಳಿಕೊಳ್ಳುತ್ತಿದ್ದವನು ಎರಡನೆಯದರಲ್ಲಿ ಬೇರೆಯವರ ಕತೆಗೆ ಕಿವಿಗೊಟ್ಟ. ಜತೆಗಿದ್ದ ಬ್ಯಾಂಡ್ ಕೂಡ ಅದೇ ಹೊತ್ತಿಗೆ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುವುದನ್ನು ಕಲಿಯಿತು. ಈ ಎರಡು ಕೇಳುವಿಕೆಗಳು ಸೇರಿದ್ದರಿಂದಲೇ ‘ಸಿನಿಸ್ಟರ್’ ತೊಂಬತ್ತರ ದಶಕದ ಅತ್ಯುತ್ತಮ ಇಂಡಿ ಪಾಪ್ ಆಲ್ಬಮ್‌ಗಳಲ್ಲಿ ಒಂದಾಗಿ ನಿಂತಿದೆ.

ಮರ್ಡಾಕ್ ಅವರ ಹಿನ್ನೆಲೆ ಈ ಹಾಡುಗಳಿಗೆ ಹೊರಗಿನದಲ್ಲ. 1968ರಲ್ಲಿ ಹುಟ್ಟಿದ ಅವರನ್ನು ಇಪ್ಪತ್ತರ ಆಸುಪಾಸಿನಲ್ಲೇ ಎಂ.ಇ. ಎಂಬ ಕಾಯಿಲೆ ಹಿಡಿಯಿತು. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದೂ ಕರೆಯುವ, ಮೈಯ ಕಸುವನ್ನೆಲ್ಲ ಹೀರಿಬಿಡುವ ಕಾಯಿಲೆ ಅದು. ಓದು ನಿಂತಿತು, ಕೆಲಸ ಮಾಡುವಂತಿರಲಿಲ್ಲ, ಏಳು ವರ್ಷ ಹಾಗೇ ಕಳೆದವು. ಹಾಡು ಕಟ್ಟುವುದು ಶುರುವಾದದ್ದು ಆಗ. ಸ್ವಲ್ಪ ಚೇತರಿಸಿಕೊಂಡ ಮೇಲೆ ನಿರುದ್ಯೋಗಿ ಸಂಗೀತಗಾರರಿಗೆಂದು ಸರ್ಕಾರ ನಡೆಸುತ್ತಿದ್ದ ತರಬೇತಿಗೆ ಸೇರಿದರು. ಬಾಸ್ ಗಿಟಾರಿನ ಸ್ಟುವರ್ಟ್ ಡೇವಿಡ್ ಅವರಿಗೆ ಸಿಕ್ಕಿದ್ದು ಅಲ್ಲೇ. ಗ್ಲಾಸ್ಗೋದ ಸ್ಟೋ ಕಾಲೇಜಿನಲ್ಲಿ ಸಂಗೀತ ವ್ಯವಹಾರದ ಕೋರ್ಸ್ ಇತ್ತು. ಅದರ ವಿದ್ಯಾರ್ಥಿಗಳು ಕಲಿಕೆಯ ಭಾಗವಾಗಿ ಎಲೆಕ್ಟ್ರಿಕ್ ಹನಿ ಎಂಬ ಲೇಬಲ್ ನಡೆಸುತ್ತಿದ್ದರು. ಸಾಮಾನ್ಯವಾಗಿ ವರ್ಷಕ್ಕೊಂದು ಸಿಂಗಲ್ ತರುವುದು ಅಲ್ಲಿನ ರೂಢಿ. ದಿ ಅಸೋಸಿಯೇಟ್ಸ್ ತಂಡದಲ್ಲಿದ್ದ ಅಲನ್ ರ‍್ಯಾಂಕಿನ್ ಆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಈ ಲೇಬಲ್ ಆ ಸಲ ಆರಿಸಿಕೊಂಡದ್ದು ಮರ್ಡಾಕ್ ಅವರನ್ನು. ಅವರ ಬಳಿ ಒಳ್ಳೆಯ ಹಾಡುಗಳ ಗಂಟೇ ಇದ್ದುದರಿಂದ ಆ ವರ್ಷ ಸಿಂಗಲ್ ಬದಲು ಇಡೀ ಆಲ್ಬಮ್ ಬಂತು. ಮೂರು ದಿನದಲ್ಲಿ ಮುದ್ರಣ ಮುಗಿಯಿತು. ಅಚ್ಚಾದದ್ದು ಒಂದು ಸಾವಿರ ವಿನೈಲ್ ಪ್ರತಿ.

ಅದು ಬ್ರಿಟ್‌ಪಾಪ್ ಮೆರೆಯುತ್ತಿದ್ದ ಕಾಲ ಎಂಬುದನ್ನು ನೆನಪಿಡಬೇಕು. ಅದೇ 1996ರ ಆಗಸ್ಟ್‌ನಲ್ಲಿ ಒಯಸಿಸ್ ತಂಡ ನೆಬ್‌ವರ್ತ್‌ನಲ್ಲಿ ಎರಡು ರಾತ್ರಿ ಹಾಡಿತು, ಸೇರಿದ ಜನ ಸುಮಾರು ಎರಡೂವರೆ ಲಕ್ಷ. ಇಡೀ ಮೈದಾನ ಒಂದೇ ದನಿಯಲ್ಲಿ ಕೂಗಿ ಹಾಡಲೆಂದೇ ಕಟ್ಟಿದ ಹಾಡುಗಳು ರೇಡಿಯೊ ತುಂಬ ಇದ್ದವು. ಬೆಲ್ ಅಂಡ್ ಸೆಬಾಸ್ಟಿಯನ್ ಹಾಡುಗಳು ಹುಟ್ಟಿದ್ದು ಹಾಸಿಗೆ ಹಿಡಿದವನ ಕೋಣೆಯಲ್ಲಿ. ಅವು ಒಬ್ಬರು ಒಬ್ಬರಿಗೆ ಹೇಳುವ ಹಾಡುಗಳು. ಸಾವಿರ ಪ್ರತಿ ಅವುಗಳಿಗೆ ತಕ್ಕ ಅಳತೆಯೇ ಆಗಿತ್ತು.

‘ಟೈಗರ್‌ಮಿಲ್ಕ್’ ತೆರೆದುಕೊಳ್ಳುವುದು ‘ದಿ ಸ್ಟೇಟ್ ಐ ಆಮ್ ಇನ್’ ಹಾಡಿನಿಂದ. ಇಷ್ಟು ತುಂಬಿದ ಮೊದಲ ಹಾಡು ಬಹಳ ಬ್ಯಾಂಡ್‌ಗಳಿಗೆ ಸಿಕ್ಕಿಲ್ಲ. ಒಂದು ಗಿಟಾರ್, ಉಸಿರಿಗೆ ಹತ್ತಿರದ ದನಿ, ಒಂದರ ಮೇಲೊಂದು ತಪ್ಪೊಪ್ಪಿಗೆ. ಸೋದರಿಯ ಮದುವೆಯ ದಿನವೇ ತಾನು ಸಲಿಂಗಿ ಎಂದು ಎಲ್ಲರೆದುರು ಹೇಳಿಬಿಡುವ ಸೋದರ. ಯಾರನ್ನೋ ಗಡೀಪಾರಿನಿಂದ ಉಳಿಸಲು ನಿರೂಪಕ ಅವಸರದಲ್ಲಿ ಮಾಡಿಕೊಂಡ ಮದುವೆ. ಕುಂಟುವ ಗೆಳತಿಯ ಊರುಗೋಲನ್ನು ಒದ್ದ ಅವನ ಕ್ರೌರ್ಯ. ಇದನ್ನೆಲ್ಲ ಚರ್ಚಿನಲ್ಲಿ ಪಾದ್ರಿಯ ಮುಂದೆ ಅವನು ಹೇಳಿಕೊಳ್ಳುತ್ತಾನೆ. ಕೇಳಿದ್ದನ್ನು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡ ಆ ಪಾದ್ರಿ ಅಷ್ಟನ್ನೂ ಒಂದು ಪುಟ್ಟ ಕಾದಂಬರಿಯಾಗಿ ಬರೆದುಬಿಡುತ್ತಾನೆ. ಕಾದಂಬರಿಗೆ ಹಾಡಿನದೇ ಹೆಸರು. ಗುಟ್ಟಾಗಿ ಹೇಳಿಕೊಂಡದ್ದು ಪುಸ್ತಕದಂಗಡಿಯ ಸರಕಾಯಿತು. ಹೇಳಿಕೊಳ್ಳುವುದೇ ಬಿಡುಗಡೆ ಎಂದು ನಂಬಿದವನಿಗೆ ಹೇಳಿಕೊಂಡದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಮೊದಲ ಹಾಡಿನಲ್ಲೇ ಎದುರಾಗುತ್ತದೆ.

ಆಲ್ಬಮ್‌ನ ಮುಂದಿನ ಹಾಡುಗಳಲ್ಲಿ ಒಬ್ಬ ಗೀತಕಾರ ತನ್ನಲ್ಲಿರುವುದನ್ನೆಲ್ಲ ಒಮ್ಮೆಗೇ ತೋರಿಸಿಬಿಡುವ ತವಕ ಕಾಣುತ್ತದೆ. ‘ಎಕ್ಸ್‌ಪೆಕ್ಟೇಶನ್ಸ್’ ಹಾಡಿನ ಹುಡುಗಿ ಶಾಲೆಯಲ್ಲಿ ಎಲ್ಲರ ನಗೆಪಾಟಲು. ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದವರ ಆಳೆತ್ತರದ ಬೊಂಬೆಗಳನ್ನು ಅವಳು ಜೇಡಿಮಣ್ಣಿನಲ್ಲಿ ಮಾಡುತ್ತಾಳೆ. ಹಾಡು ಕುಣಿಯುತ್ತ ಸಾಗಿ ಮಿಕ್ ಕುಕ್ ಅವರ ಟ್ರಂಪೆಟ್ ಬಂದಾಗ, ಜಗತ್ತು ಹೊರಹಾಕಿದ ಹುಡುಗಿಗೆ ಒಂದು ಮೆರವಣಿಗೆ ಸಿಕ್ಕಂತಾಗುತ್ತದೆ. ‘ಯು ಆರ್ ಜಸ್ಟ್ ಎ ಬೇಬಿ’ ಅರವತ್ತರ ದಶಕದ ಗಿಟಾರ್ ಪಾಪ್‌ಗೆ ಸಲ್ಲಿಸಿದ ಗೌರವ, ಅದಕ್ಕಿಂತ ಹೆಚ್ಚೇನೂ ಅಲ್ಲ. ‘ಎಲೆಕ್ಟ್ರಾನಿಕ್ ರೆನೆಸಾನ್ಸ್’ನಲ್ಲಿ ಇದ್ದಕ್ಕಿದ್ದಂತೆ ಸಿಂಥಸೈಜರ್ ಬಂದು, ದನಿ ಸಣ್ಣ ಸ್ಪೀಕರಿನಿಂದ ತೂರಿಬಂದಂತೆ ಕೇಳುತ್ತದೆ. ಹಾಡು ಕೆಟ್ಟದಲ್ಲ, ಆದರೆ ಅಕ್ಕಪಕ್ಕದ ಹಾಡುಗಳ ಜತೆ ಅದಕ್ಕೆ ಮಾತುಕತೆ ಇಲ್ಲ. ‘ಐ ಡೋಂಟ್ ಲವ್ ಎನಿವನ್’ ತನಗೆ ಯಾರೂ ಬೇಡ ಎಂದು ಸಾಧಿಸುವ ಹದಿಹರೆಯದ ಹಟ. ‘ಮೈ ವಾಂಡರಿಂಗ್ ಡೇಸ್ ಆರ್ ಓವರ್’ ಬ್ಯಾಂಡ್ ಹುಟ್ಟಿದ ಕತೆಯನ್ನೇ ಹಾಡಾಗಿಸುತ್ತದೆ. ಒಂದೊಂದೂ ಮುದ್ದಾಗಿದೆ, ಕೆಲವು ಅದ್ಭುತವಾಗಿವೆ. ಆದರೆ ಎಲ್ಲದರ ನಡುವೆ ನಿಂತಿರುವುದು ‘ನಾನು’. ಇತರರ ಬಗ್ಗೆ ಹಾಡಿದಾಗಲೂ ಅವರು ಬಹುಮಟ್ಟಿಗೆ ಅವನದೇ ನೆರಳುಗಳು. ಮಣ್ಣಿನ ಬೊಂಬೆಯ ಹುಡುಗಿಯೂ ವೇಷ ಬದಲಿಸಿದ ಮರ್ಡಾಕ್ ಅವರೇ ಎಂದು ಅನಿಸದಿರದು.

ಇದು ಗೊತ್ತಿದ್ದೇ ಬರೆದಂತಿರುವ ಹಾಡು ಆಲ್ಬಮ್‌ನ ಕೊನೆಗಿದೆ: ‘ಮೇರಿ ಜೋ’. ಒಂಟಿ ಹೆಣ್ಣು, ಮನೆಯಲ್ಲಿ ತನ್ನ ಪಾಡಿಗೆ ತಾನು, ಸೊರಗಿಹೋಗಿದ್ದಾಳೆ. ಅವಳ ಕೈಯಲ್ಲೊಂದು ಪುಸ್ತಕ. ಯಾವುದು? ಮೊದಲ ಹಾಡಿನಲ್ಲಿ ಪಾದ್ರಿ ಬರೆದ ಅದೇ ಕಾದಂಬರಿ. ಅದನ್ನು ಓದಿ ಅವಳಿಗೆ ಏನೂ ಒಳಿತಾಗುವುದಿಲ್ಲ ಎಂದು ಹಾಡು ನೇರವಾಗಿ ಹೇಳುತ್ತದೆ. ಆಲ್ಬಮ್‌ನ ಎರಡು ತುದಿಗಳನ್ನು ಕಟ್ಟುವ ಚಮತ್ಕಾರ ಎಂದು ಇದನ್ನು ಮೆಚ್ಚಿ ಮುಂದೆ ಹೋಗಬಹುದು. ನನಗೆ ಇದು ಅದಕ್ಕಿಂತ ದೊಡ್ಡ ಮಾತು. ತನ್ನ ಸಂಕಟವನ್ನೆಲ್ಲ ಒಂಬತ್ತು ಹಾಡುಗಳಲ್ಲಿ ಸುರಿದ ಗೀತಕಾರ ಹತ್ತನೆಯದರಲ್ಲಿ ಓದುವವಳನ್ನು ನೋಡಿ, ನನ್ನ ಕತೆಯಿಂದ ಇವಳಿಗೇನು ಬಂತು ಎಂದು ಕೇಳುತ್ತಿದ್ದಾನೆ. ಆತ್ಮನಿವೇದನೆಯ ಮಿತಿ ಅದೇ ಆಲ್ಬಮ್‌ನ ಒಳಗೇ ಬಯಲಾಗುತ್ತದೆ. ಎರಡನೆಯ ಆಲ್ಬಮ್‌ನ ಬೀಜ ಇರುವುದು ಇಲ್ಲಿ.

ಐದು ತಿಂಗಳಲ್ಲಿ ಹೊರಗೆ ಆದ ಬದಲಾವಣೆಗಳನ್ನು ಬೇಗ ಹೇಳಿಬಿಡಬಹುದು. ಲಂಡನ್ನಿನ ಜೀಪ್‌ಸ್ಟರ್ ಎಂಬ ಸಣ್ಣ ಲೇಬಲ್ ಬ್ಯಾಂಡನ್ನು ಕರೆದುಕೊಂಡಿತು. ಪಿಟೀಲು ನುಡಿಸುವ ಸಾರಾ ಮಾರ್ಟಿನ್ ಸೇರಿದರು. ಧ್ವನಿಮುದ್ರಣದ ಹೊಣೆ ಟೋನಿ ಡೂಗನ್ ಅವರದು. ಒಳಗೆ ಆದ ಬದಲಾವಣೆ ಇದಕ್ಕಿಂತ ದೊಡ್ಡದು. ‘ಟೈಗರ್‌ಮಿಲ್ಕ್’ ನುಡಿಸುವಾಗ ಅವರು ಈಚೆಗಷ್ಟೇ ಒಟ್ಟು ಸೇರಿದವರು, ಪರಸ್ಪರ ಪರಿಚಯವೂ ಹೊಸದು. ‘ಸಿನಿಸ್ಟರ್’ ಹೊತ್ತಿಗೆ ಅವರು ಒಂದು ತಂಡ. ಇಸೊಬೆಲ್ ಕ್ಯಾಂಬೆಲ್ ಅವರ ಚೆಲ್ಲೊ, ಸ್ಟೀವಿ ಜಾಕ್ಸನ್ ಅವರ ಗಿಟಾರ್, ಕ್ರಿಸ್ ಗೆಡ್ಡೆಸ್ ಅವರ ಪಿಯಾನೊ, ರಿಚರ್ಡ್ ಕೋಲ್ಬರ್ನ್ ಅವರ ಡ್ರಮ್ಸ್, ಡೇವಿಡ್ ಅವರ ಬಾಸ್ ಈಗ ಹಾಡಿಗೆ ಒದಗುವುದೇ ಬೇರೆ ರೀತಿಯಲ್ಲಿ.

ಮೊದಲ ಹಾಡು ‘ದಿ ಸ್ಟಾರ್ಸ್ ಆಫ್ ಟ್ರ್ಯಾಕ್ ಅಂಡ್ ಫೀಲ್ಡ್’ ಕೇಳಿದರೆ ಸಾಕು. ಶುರುವಿನಲ್ಲಿ ಗಿಟಾರಿನ ಮೀಟು ಎಷ್ಟು ಮೆಲ್ಲಗಿದೆಯೆಂದರೆ ದನಿ ಹೆಚ್ಚಿಸಲು ಕೈ ತಾನಾಗಿ ಹೋಗುತ್ತದೆ. ಮರ್ಡಾಕ್ ಹಾಡುತ್ತಿರುವುದು ಹೆಚ್ಚೂಕಡಿಮೆ ಪಿಸುಮಾತಿನಲ್ಲಿ. ಒಂದು ಚರಣ ಹಾಗೇ ಸಾಗುತ್ತದೆ. ಆಮೇಲೆ ಬಾಸ್, ಡ್ರಮ್ಸ್, ಪಿಯಾನೊ ಒಂದೊಂದಾಗಿ ಬರುತ್ತವೆ. ಮಾತಿನ ನಡುವೆ ಬಂದ ನೆಂಟರು ಮಾತು ಕೆಡದಂತೆ ಸದ್ದಿಲ್ಲದೆ ಕೂರುವ ಹಾಗೆ ಅವು ಹಾಡಿನೊಳಗೆ ಕೂರುತ್ತವೆ. ಯಾವ ವಾದ್ಯವೂ ತನ್ನ ಸರದಿ ಬಂತೆಂದು ಮುಂದೆ ನುಗ್ಗುವುದಿಲ್ಲ. ಮಾತು ಮುಗಿದ ಜಾಗದಲ್ಲಿ ಮಾತ್ರ ಟ್ರಂಪೆಟ್ ಏಳುತ್ತದೆ. ಕೊನೆಗೆ ಇಡೀ ತಂಡ ತುಂಬು ದನಿಯಲ್ಲಿ ನುಡಿಸುತ್ತಿರುತ್ತದೆ, ಅದು ಯಾವ ಗಳಿಗೆಯಲ್ಲಿ ಅಷ್ಟು ತುಂಬಿಕೊಂಡಿತು ಎಂದು ಗುರುತಿಸಲಾಗುವುದಿಲ್ಲ. ‘ಟೈಗರ್‌ಮಿಲ್ಕ್’ನಲ್ಲಿ ಟ್ರಂಪೆಟ್ ಬಂದಾಗ ಅದೊಂದು ಅಲಂಕಾರ, ಒಳ್ಳೆಯ ಅಲಂಕಾರ. ಇಲ್ಲಿ ಅದು ಹೇಳದೆ ಉಳಿದ ಮಾತಿನ ಮುಂದುವರಿಕೆ.

ಭಾವಗೀತೆ ಕೇಳಿ ಬೆಳೆದ ಕನ್ನಡದ ಕಿವಿಗೆ ಮಾತು ಮುಂದೆ, ವಾದ್ಯ ಹಿಂದೆ ಎಂಬ ಕ್ರಮ ಹೊಸದಲ್ಲ. ಆದರೆ ಇಂಗ್ಲಿಷ್ ಪಾಪ್‌ನಲ್ಲಿ, ಅದೂ 1996ರಲ್ಲಿ, ಏಳು ಜನರ ತಂಡ ಒಬ್ಬನ ಪಿಸುಮಾತು ಕೇಳಲೆಂದು ಕೈ ಹಿಡಿದು ನುಡಿಸುವುದು ದೊಡ್ಡ ಸಂಯಮ. ಈ ಸಂಯಮವನ್ನು ನಾನು ಬೆಳವಣಿಗೆ ಎನ್ನುತ್ತೇನೆ. ಬಲ ಇದ್ದೂ ಬಳಸದಿರುವುದಕ್ಕೆ ಜತೆಗಾರರ ಮೇಲೆ ನಂಬಿಕೆ ಬೇಕು. ಅದು ಮೂರು ದಿನದಲ್ಲಿ ಬರುವಂಥದ್ದಲ್ಲ.

ಹಾಡಿನ ಒಳಗಿರುವ ಜನರ ಕಡೆ ತಿರುಗಿದರೆ ಬದಲಾವಣೆ ಇನ್ನೂ ಸ್ಪಷ್ಟ. ‘ಮಿ ಅಂಡ್ ದಿ ಮೇಜರ್’ ಹಾಡಿನಲ್ಲಿ ನಿರೂಪಕ ಮತ್ತು ಒಬ್ಬ ಹಿರಿಯ ಮೇಜರ್ ಒಂದೇ ರೈಲಿನಲ್ಲಿ ಪ್ರಯಾಣಿಸುತ್ತಾರೆ. ಮೇಜರನಿಗೆ ಮಾತಾಡುವ ಆಸೆ. ಇಬ್ಬರ ನಡುವೆ ತಲೆಮಾರಿನ, ವರ್ಗದ, ಕಂಡುಂಡ ಬದುಕಿನ ಅಂತರ. ‘ಟೈಗರ್‌ಮಿಲ್ಕ್’ನ ನಿರೂಪಕನಾಗಿದ್ದರೆ ಈ ಮುದುಕ ಬರೀ ಅರ್ಥಮಾಡಿಕೊಳ್ಳದ ಲೋಕದ ಪ್ರತಿನಿಧಿಯಾಗಿರುತ್ತಿದ್ದ. ಇಲ್ಲಿ ಮೇಜರನಿಗೂ ನೆನಪುಗಳಿವೆ, ಹಿಪ್ಪಿಗಳನ್ನೂ ಪಂಕ್ ಹುಡುಗರನ್ನೂ ಕಂಡ ಅವನಿಗೆ 1972ರ ರಾಕ್ಸಿ ಮ್ಯೂಸಿಕ್ ಬ್ಯಾಂಡ್ ನೆನಪಿದೆ. ಇಬ್ಬರೂ ಗೆಳೆಯರಾಗಬಹುದಿತ್ತು ಎಂಬ ವಿಷಾದ ಹಾಡಿನ ತಳದಲ್ಲಿದೆ. ಜಾಕ್ಸನ್ ಅವರ ಹಾರ್ಮೋನಿಕಾ ಮತ್ತು ಓಡುವ ಲಯ ಸೇರಿ ಹಾಡು ರೈಲಿನ ಹಾಗೆಯೇ ನಿಲ್ಲದೆ ಸಾಗುತ್ತದೆ. ಮಾತು ಅರ್ಧಕ್ಕೇ ಉಳಿಯುತ್ತದೆ.

‘ದಿ ಫಾಕ್ಸ್ ಇನ್ ದಿ ಸ್ನೋ’ ಇನ್ನೂ ಸರಳ. ಹಿಮದಲ್ಲಿ ಒಂದು ನರಿ, ಒಬ್ಬ ಹುಡುಗಿ, ಸೈಕಲ್ ಮೇಲೊಬ್ಬ ಹುಡುಗ, ಒಂದು ಮಗು. ಒಂದೊಂದು ಚರಣ ಒಬ್ಬೊಬ್ಬರನ್ನು ಮಾತಾಡಿಸುತ್ತದೆ. ನರಿಯನ್ನು ಕೇಳುವುದು ಹೊಟ್ಟೆಗೇನು ಮಾಡುತ್ತೀ ಎಂಬ ಪ್ರಶ್ನೆ. ಹುಡುಗಿಯನ್ನು ಕೇಳುವುದು ಜತೆಗೆ ಯಾರು ಎಂಬ ಪ್ರಶ್ನೆ. ಉತ್ತರ ಬರುವುದಿಲ್ಲ, ಹಾಡು ಉತ್ತರವನ್ನು ತಾನೇ ಕೊಡಲೂ ಹೋಗುವುದಿಲ್ಲ. ಪಿಯಾನೊ ಒಂದೇ ನಡೆಯಲ್ಲಿ ಸಾಗುತ್ತದೆ, ತಂತಿವಾದ್ಯಗಳು ಹಿಂದೆ ತೆಳುವಾಗಿ ಇರುತ್ತವೆ. ಮೊದಲ ಆಲ್ಬಮ್‌ನ ಹಾಡುಗಳಲ್ಲಿ ತುಂಬಿದ್ದದ್ದು ಹೇಳಿಕೆ. ಇಲ್ಲಿ ಉಳಿದಿರುವುದು ವಿಚಾರಿಸುವ ಕಾಳಜಿ. ವರ್ಷಗಟ್ಟಲೆ ಕಿಟಕಿಯ ಒಳಗಿದ್ದವನು ಹೊರಗೆ ಹೋಗುವವರನ್ನು ನೋಡುತ್ತ ಕಲಿತ ಕಾಳಜಿ ಇದು ಎಂದು ನನಗನಿಸುತ್ತದೆ.

ಆಲ್ಬಮ್‌ನ ಹೃದಯ ಅದರ ಶೀರ್ಷಿಕೆಯ ಹಾಡು. ಅದು ಶುರುವಾಗುವುದು ಆಟವಾಡುವ ಮಕ್ಕಳ ಗದ್ದಲದಿಂದ. ಆ ಗದ್ದಲದ ಪಕ್ಕದಲ್ಲೇ ಇಬ್ಬರು ಸಾವಿಗೆ ನಡೆದುಹೋಗುವ ಕತೆ ಇದೆ. ಆಂಟನಿಗೆ ಇಷ್ಟು ಒಳ್ಳೆಯ ಗಳಿಗೆ ಮತ್ತೆ ಬಾರದೆಂಬ ಭಯ. ಹಿಲರಿಗೆ ಹೇಳಲು ಮಾತೇ ಉಳಿದಿಲ್ಲ. ಅವಳು ನೀರಸ ಎಂದು ಎಲ್ಲರೂ ತೀರ್ಮಾನಿಸಿದ್ದರು, ಅವಳು ಮಾತಾಡಿದಾಗಲೂ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳನ್ನು ಕೊಂದದ್ದು ಈ ಕಿವುಡು. ಚರ್ಚಿಗೆ ಹೋದರೆ ಪಾದ್ರಿ ಪಕ್ಕಕ್ಕೆ ಕರೆದು ಧರ್ಮಸಂಸ್ಕಾರ ಕೊಡುತ್ತಾನೆ. ಅವಳಿಗೆ ಬೇಕಿದ್ದದ್ದು ಹೇಗೆ, ಏಕೆ, ಯಾವಾಗ, ಎಲ್ಲಿಗೆ ಎಂಬ ಪ್ರಶ್ನೆಗಳಿಗೆ ಉತ್ತರ.

ಈ ಹಾಡು ಬರೆದವರು ಚರ್ಚನ್ನು ದೂರ ನಿಂತು ಟೀಕಿಸುವವರಲ್ಲ. ಮರ್ಡಾಕ್ ದೇವರಲ್ಲಿ ನಂಬಿಕೆ ಇಟ್ಟವರು. ಆ ವರ್ಷಗಳಲ್ಲಿ ಅವರು ಗ್ಲಾಸ್ಗೋದಲ್ಲಿ ಒಂದು ಚರ್ಚಿನ ಸಭಾಂಗಣದ ಮೇಲಿನ ಮನೆಯಲ್ಲಿದ್ದು ಅದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಆದ್ದರಿಂದಲೇ ಹಾಡಿಗೆ ತೂಕ ಬಂದಿದೆ. ತನಗೆ ಆಸರೆಯಾದದ್ದು ಹಿಲರಿಗೆ ಆಸರೆಯಾಗಲಿಲ್ಲ ಎಂಬುದನ್ನು ನಂಬಿಕೆಯುಳ್ಳವರೊಬ್ಬರು ಮುಚ್ಚಿಡದೆ ಹೇಳುತ್ತಿದ್ದಾರೆ. ‘ದಿ ಸ್ಟೇಟ್ ಐ ಆಮ್ ಇನ್’ನಲ್ಲೂ ಪಾದ್ರಿ ಇದ್ದ, ಅಲ್ಲಿ ಮೋಸಹೋದವನು ನಿರೂಪಕ. ಇಲ್ಲಿ ನಿರೂಪಕ ಹಿಂದೆ ಸರಿದು ಹಿಲರಿಯ ಪಕ್ಕ ನಿಂತಿದ್ದಾನೆ. ಅದೇ ಸನ್ನಿವೇಶ, ಅದೇ ಚರ್ಚು, ನೋಡುವ ಕಣ್ಣು ಮಾತ್ರ ಬೇರೆ. ಐದು ತಿಂಗಳ ದಾರಿಯನ್ನು ಅಳೆಯಲು ಈ ಎರಡು ಪಾದ್ರಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು.

ಸಾವಿನ ಕತೆ ಹೇಳುವ ಈ ಹಾಡು ಅಳುವುದಿಲ್ಲ. ರಾಗ ಹಗುರ, ಲಯ ನಡೆದಾಡುವ ವೇಗದ್ದು, ಮಕ್ಕಳ ಸದ್ದು ಜತೆಗೇ ಇರುತ್ತದೆ. ಕೇಳುಗರ ಕಣ್ಣೀರು ತರಿಸಲು ಪಿಟೀಲುಗಳನ್ನು ಏರಿಸಿಬಿಡುವುದು ಎಷ್ಟು ಸುಲಭವಿತ್ತು! ತಂಡ ಹಾಗೆ ಮಾಡಲಿಲ್ಲ. ಇಬ್ಬರು ಇಲ್ಲವಾದ ದಿನವೂ ಮೈದಾನದಲ್ಲಿ ಮಕ್ಕಳು ಆಡುತ್ತಿದ್ದರು ಎಂಬುದನ್ನು ಅದು ಹಾಗೇ ಬಿಟ್ಟಿತು. ಕೇಳಿದಷ್ಟೂ ಹಾಡು ಕಾಡುವುದು ಇದರಿಂದ.

ಈ ಆಲ್ಬಮ್‌ನ ಮೇಲೆ ಆಕ್ಷೇಪಗಳಿಲ್ಲದಿಲ್ಲ. ಮೊದಲನೆಯದು ಧ್ವನಿಮುದ್ರಣದ್ದು. ಡ್ರಮ್ಸ್ ಮತ್ತು ಬಾಸ್ ಹಿಂದೆ ಉಳಿದಿವೆ, ಒಟ್ಟು ಸದ್ದು ತೆಳು, ಕೆಲವೆಡೆ ವಾದ್ಯಗಳು ಒಂದರೊಳಗೊಂದು ಮಸುಕಾಗಿವೆ. ಮರ್ಡಾಕ್ ಅವರಿಗೇ ಈ ಬಗ್ಗೆ ಅಸಮಾಧಾನವಿತ್ತು. 2005ರಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ಇಡೀ ಆಲ್ಬಮ್ ಅನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದ ತಂಡ ಅದರ ಲೈವ್ ಮುದ್ರಣವನ್ನೂ ಹೊರತಂದಿತು. ಅದರಲ್ಲಿ ಸದ್ದು ತುಂಬಿಕೊಂಡಿದೆ, ನುಡಿಸುವಿಕೆ ಖಚಿತವಾಗಿದೆ, ಶೀರ್ಷಿಕೆಯ ಹಾಡಿಗೆ ಹೊಸ ಕಸುವು ಬಂದಿದೆ. ಈ ದೂರನ್ನು ನಾನು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ‘ಮಿ ಅಂಡ್ ದಿ ಮೇಜರ್’, ‘ಮೇಫ್ಲೈ’ಗಳಂಥ ಚುರುಕಾದ ಹಾಡುಗಳಿಗೆ 1996ರ ಮುದ್ರಣದಿಂದ ನಷ್ಟವಾಗಿದೆ. ‘ಫಾಕ್ಸ್’ ಮತ್ತು ‘ಸ್ಟಾರ್ಸ್’ ಹಾಡುಗಳಿಗೆ ಆ ತೆಳುವೇ ಮೈಗೊಪ್ಪುವ ಬಟ್ಟೆ. ಬಾರ್ಬಿಕನ್‌ನಲ್ಲಿ ಹಾಡುತ್ತಿರುವುದು ತನ್ನ ಹಾಡುಗಳು ಪ್ರೀತಿ ಗಳಿಸಿವೆ ಎಂದು ಗೊತ್ತಿರುವ ಮನುಷ್ಯ. ಮೂಲದಲ್ಲಿರುವುದು ಅದು ಗೊತ್ತಿಲ್ಲದವನ ದನಿ. ಹಿಲರಿಯ ಕತೆಯನ್ನು ಗೊತ್ತಿಲ್ಲದವನ ಬಾಯಲ್ಲಿ ಕೇಳಬೇಕು.

ಎರಡನೆಯ ಆಕ್ಷೇಪ ಇಡೀ ಇಂಡಿ ಪಾಪ್ ಪಂಥದ ಮೇಲೆ ಬಂದದ್ದು. ಇದು ಮುದ್ದು ಮುದ್ದಾದ, ಎಳಸು, ಬದುಕಿನಿಂದ ಓಡಿಹೋಗುವ ಸಂಗೀತ ಎಂಬ ದೂರು. ಶಾಲೆ, ಪುಸ್ತಕ, ಬಸ್ಸು, ನಾಚಿಕೆಯ ಹುಡುಗ, ಒಂಟಿ ಹುಡುಗಿ, ಇಷ್ಟೇ ಪ್ರಪಂಚವೇ ಎಂದು ಕೇಳುವವರಿದ್ದಾರೆ. ‘ಟೈಗರ್‌ಮಿಲ್ಕ್’ನ ಕೆಲವು ಹಾಡುಗಳ ಮಟ್ಟಿಗೆ ಈ ದೂರು ನಿಜ. ಹೊರಗಿನ ಜಗತ್ತು ಕ್ರೂರ, ನಾವು ಕೆಲವರು ಮಾತ್ರ ಸೂಕ್ಷ್ಮ ಎಂಬ ಸಣ್ಣ ಹೆಮ್ಮೆ ಅಲ್ಲಿ ಸುಳಿಯುತ್ತದೆ. ‘ಸಿನಿಸ್ಟರ್’ಗೆ ಇದು ಅನ್ವಯಿಸದು. ಅದರಲ್ಲಿ ಸಾವಿದೆ, ಹಸಿವಿದೆ, ನಂಬಿಕೆಯ ಸೋಲಿದೆ. ‘ಗೆಟ್ ಮಿ ಅವೇ ಫ್ರಮ್ ಹಿಯರ್, ಐ ಆಮ್ ಡೈಯಿಂಗ್’ ಹಾಡಿನಲ್ಲಿ ಗೀತಕಾರ ತನ್ನ ಕೈಲಿರುವುದು ಮಾತು ಮಾತ್ರ, ಅದರಿಂದ ಆಗುವುದೂ ಅಷ್ಟಕ್ಕಷ್ಟೆ ಎಂದು ತನ್ನ ಕಸುಬನ್ನೇ ತೂಗಿ ನೋಡುತ್ತಾನೆ. ದನಿ ಮೃದುವಾಗಿದೆ ಎಂದ ಮಾತ್ರಕ್ಕೆ ಹೇಳುತ್ತಿರುವುದು ಮೃದುವಾಗಿರಬೇಕಿಲ್ಲ.

ನನ್ನದೇ ಒಂದು ದೂರು ಇದೆ. ಆಲ್ಬಮ್‌ನ ದ್ವಿತೀಯಾರ್ಧ ಮೊದಲಾರ್ಧದಷ್ಟು ಬಿಗಿಯಾಗಿಲ್ಲ. ‘ಮೇಫ್ಲೈ’ ಕೇಳಲು ಹಿತವಾಗಿದ್ದರೂ ಇತರ ಹಾಡುಗಳ ಪಕ್ಕದಲ್ಲಿ ಹಗುರ. ‘ದಿ ಬಾಯ್ ಡನ್ ರಾಂಗ್ ಅಗೇನ್’ ತನ್ನ ಪಶ್ಚಾತ್ತಾಪದಲ್ಲಿ ತಾನೇ ಮುಳುಗಿ ಮತ್ತೆ ಹಳೆಯ ‘ನಾನು’ವಿನ ಕಡೆ ಜಾರುತ್ತದೆ. ವೈವಿಧ್ಯದ ದೃಷ್ಟಿಯಿಂದಲೂ ‘ಟೈಗರ್‌ಮಿಲ್ಕ್’ ಒಂದು ಕೈ ಮೇಲು. ಅದನ್ನೇ ಹೆಚ್ಚು ಮೆಚ್ಚುವ ಕೇಳುಗರು ಅದರ ಚೆಲ್ಲಾಟ, ಧೈರ್ಯ, ಏನು ಬೇಕಾದರೂ ಮಾಡಿನೋಡುವ ಹುಮ್ಮಸ್ಸನ್ನು ಮೆಚ್ಚುತ್ತಾರೆ. ಆ ಮೆಚ್ಚುಗೆ ತಪ್ಪಲ್ಲ. ಬೆಳೆಯುವಾಗ ಕೆಲವನ್ನು ಬಿಡಬೇಕಾಗುತ್ತದೆ, ಬಿಟ್ಟದ್ದರಲ್ಲಿ ಒಳ್ಳೆಯದೂ ಇರುತ್ತದೆ. ‘ಎಲೆಕ್ಟ್ರಾನಿಕ್ ರೆನೆಸಾನ್ಸ್’ನಂಥ ಹಾಡಿಗೆ ‘ಸಿನಿಸ್ಟರ್’ನಲ್ಲಿ ಜಾಗವಿಲ್ಲ. ಅದರಿಂದ ಆಲ್ಬಮ್‌ಗೆ ಒಗ್ಗಟ್ಟು ಬಂತು, ಒಂದು ಕಿಟಕಿ ಮುಚ್ಚಿದ್ದೂ ನಿಜ.

ಈ ಬೆಳವಣಿಗೆಯನ್ನು ಹೆಚ್ಚಿನವರು ಸರಿಯಾದ ಕ್ರಮದಲ್ಲಿ ಕೇಳಲೇ ಇಲ್ಲ ಎಂಬುದನ್ನೂ ಹೇಳಬೇಕು. ‘ಟೈಗರ್‌ಮಿಲ್ಕ್’ನ ಸಾವಿರ ಪ್ರತಿಗಳು ಬೇಗ ಮುಗಿದುಹೋದವು. ತಂಡದ ಹೆಸರು ಹರಡಿದ ಮೇಲೆ ಒಂದೊಂದು ಪ್ರತಿ ನೂರಾರು ಪೌಂಡ್‌ಗೆ ಕೈ ಬದಲಾಯಿಸಿತು. ಬಹಳ ಜನ ಅದನ್ನು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿಕೊಂಡು ಕೇಳಿದರು. ಜೀಪ್‌ಸ್ಟರ್ ಅದನ್ನು ಮತ್ತೆ ತಂದದ್ದು 1999ರಲ್ಲಿ, ಮೂರನೆಯ ಆಲ್ಬಮ್ ಕೂಡ ಬಂದ ಮೇಲೆ. ಹೀಗಾಗಿ ಲೋಕದ ಪಾಲಿಗೆ ‘ಸಿನಿಸ್ಟರ್’ ಮೊದಲ ಮಾತು, ‘ಟೈಗರ್‌ಮಿಲ್ಕ್’ ಆಮೇಲೆ ಸಿಕ್ಕಿದ ಹಳೆಯ ಕಾಗದ. ಮೊದಲನೆಯದನ್ನು ಅಪೂರ್ವ ವಸ್ತುವಾಗಿ ಪೂಜಿಸಿದವರೂ ಎರಡನೆಯದನ್ನು ಆಕಾಶದಿಂದ ಬಿದ್ದ ಪವಾಡವೆಂದು ಕಂಡವರೂ ಎರಡರ ನಡುವಿನ ಸಂಬಂಧವನ್ನು ತಪ್ಪಿಸಿಕೊಂಡರು. ಈಗ ಎರಡೂ ಎಲ್ಲರಿಗೂ ಸಿಗುತ್ತವೆ. ಹೊಸದಾಗಿ ಕೇಳುವವರಿಗೆ ನನ್ನ ಸಲಹೆ, ಮುದ್ರಣವಾದ ಕ್ರಮದಲ್ಲೇ, ಒಂದೇ ಬೈಠಕ್‌ನಲ್ಲಿ ಇಪ್ಪತ್ತು ಹಾಡುಗಳನ್ನೂ ಕೇಳಿ. ‘ಮೇರಿ ಜೋ’ ಮುಗಿದ ತಕ್ಷಣ ‘ಸ್ಟಾರ್ಸ್’ ಶುರುವಾಗಲಿ. ಎರಡರ ನಡುವೆ ಏನು ಕಳಚಿಬಿತ್ತು ಎಂಬುದು ಆಗ ಕೇಳಿಸುತ್ತದೆ.

‘ಸಿನಿಸ್ಟರ್’ನ ಕೊನೆಯ ಹಾಡು ‘ಜೂಡಿ ಅಂಡ್ ದಿ ಡ್ರೀಮ್ ಆಫ್ ಹಾರ್ಸಸ್’. ಜೂಡಿ ಶಾಲೆಯ ಹುಡುಗಿ. ಬಹಳ ದುಃಖದ ಒಂದು ಹಾಡು ಬರೆದು ಅದನ್ನು ಶಾಲೆಯ ಹುಡುಗನೊಬ್ಬನಿಗೆ ತೋರಿಸಿದ್ದಾಳೆ. ಅವಳಿಗೆ ಕುದುರೆಗಳ ಕನಸು ಬೀಳುತ್ತದೆ. ಅವಳ ಒಂಟಿತನ ಮೇರಿ ಜೋಳ ಒಂಟಿತನಕ್ಕಿಂತ ಕಡಿಮೆಯದಲ್ಲ. ಆದರೆ ಮೇರಿ ಜೋ ಇನ್ನೊಬ್ಬರು ಬರೆದದ್ದನ್ನು ಓದುತ್ತ ಕೂತಿದ್ದವಳು, ಜೂಡಿ ತಾನೇ ಬರೆಯುವವಳು. ಮನಸ್ಸು ಕುಗ್ಗಿದಾಗ ನಿನ್ನ ಕನಸಿನ ಬಗ್ಗೆ ಇನ್ನೊಂದು ಹಾಡು ಕಟ್ಟು ಎಂದು ಹಾಡು ಅವಳಿಗೆ ಹೇಳುತ್ತದೆ. ರೆಕಾರ್ಡರ್ ಎಂಬ, ಶಾಲೆಯ ಮಕ್ಕಳೂ ಊದುವ ಕೊಳಲು ಇಲ್ಲಿ ಟ್ರಂಪೆಟ್ ಜತೆ ಸೇರಿ ಹಾಡನ್ನು ಮೇಲೆತ್ತುತ್ತದೆ. ಮೊದಲ ಆಲ್ಬಮ್‌ನ ಕೊನೆಯಲ್ಲಿ ಎದ್ದ ಪ್ರಶ್ನೆಗೆ ಎರಡನೆಯದರ ಕೊನೆಯಲ್ಲಿ ಸಿಕ್ಕಿದ ಉತ್ತರ ಇದು ಎಂದು ನಾನು ಓದಿಕೊಂಡಿದ್ದೇನೆ. ನನ್ನ ಕತೆಯಿಂದ ನಿನಗೆ ಒಳಿತಾಗಲಿಕ್ಕಿಲ್ಲ. ನೀನು ನಿನ್ನದನ್ನು ಹೇಳು, ನಾನು ಕೇಳುತ್ತೇನೆ, ತಂಡ ನಿನ್ನ ಜತೆ ನುಡಿಸುತ್ತದೆ. ಒಬ್ಬ ಗೀತಕಾರ ತನ್ನ ಕೇಳುಗರಿಗೆ ಕೊಡಬಹುದಾದ ಇದಕ್ಕಿಂತ ದೊಡ್ಡ ಗೌರವ ನನಗೆ ತೋಚುವುದಿಲ್ಲ.

ಆ ಗೌರವ ಹಾಡಿನೊಳಗಿನ ಜೂಡಿಗೆ ಮಾತ್ರ ಸಲ್ಲಲಿಲ್ಲ. 1998ರಲ್ಲಿ ಬಂದ ಮೂರನೆಯ ಆಲ್ಬಮ್ ‘ದಿ ಬಾಯ್ ವಿತ್ ದಿ ಆರಬ್ ಸ್ಟ್ರ್ಯಾಪ್’ನಲ್ಲಿ ಇಸೊಬೆಲ್ ಕ್ಯಾಂಬೆಲ್, ಸ್ಟೀವಿ ಜಾಕ್ಸನ್, ಸ್ಟುವರ್ಟ್ ಡೇವಿಡ್ ಮೂವರೂ ತಮ್ಮ ತಮ್ಮ ಹಾಡು, ಕತೆಗಳೊಂದಿಗೆ ಮುಂದೆ ಬಂದರು. ಆ ಆಲ್ಬಮ್ ‘ಸಿನಿಸ್ಟರ್’ನಷ್ಟು ಅಚ್ಚುಕಟ್ಟಲ್ಲ, ಅದರ ಮಟ್ಟ ಏರಿಳಿಯುತ್ತದೆ. ಆದರೆ ಮರ್ಡಾಕ್ ದಾರಿ ತಪ್ಪಿ ಅಲ್ಲಿಗೆ ತಲುಪಲಿಲ್ಲ. ಬೇರೆಯವರಿಗೆ ಕಿವಿಗೊಡಲು ಕಲಿತವನು ಅವರಿಗೆ ಮೈಕನ್ನೂ ಬಿಟ್ಟುಕೊಡಬೇಕಾಗುತ್ತದೆ. ಪರಿಪೂರ್ಣತೆಯನ್ನು ಸ್ವಲ್ಪ ಕಳೆದುಕೊಂಡು ಅವರು ಆ ಬೆಲೆ ತೆತ್ತರು, ತೆತ್ತದ್ದು ಸರಿ. ಯಾವುದೇ ತಂಡದ ಎರಡನೆಯ ಆಲ್ಬಮ್ ಕೈಗೆ ಬಂದಾಗ ವಾದ್ಯಗಳನ್ನು, ಬಜೆಟ್ಟನ್ನು, ಹಾಡಿನ ಉದ್ದವನ್ನು ಲೆಕ್ಕ ಹಾಕುವ ಮೊದಲು ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಹಾಡುಗಳಲ್ಲಿ ಈಗ ಎಷ್ಟು ಜನರಿಗೆ ಜಾಗವಿದೆ? ‘ಟೈಗರ್‌ಮಿಲ್ಕ್’ನಲ್ಲಿ ಒಬ್ಬನಿಗಿತ್ತು. ‘ಸಿನಿಸ್ಟರ್’ನಲ್ಲಿ ಹಿಲರಿಗೆ, ಮೇಜರನಿಗೆ, ನರಿಗೆ, ಜೂಡಿಗೆ ಇದೆ, ಕೇಳುವ ನಮಗೂ ಇದೆ.